ಸಿಮೆಂಟಿನ ಬಂಡೆಯೊಳಗಿನ ದನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದವಳು ನಾನು. ಯಾರೂ ಇಲ್ಲದ ಕೋಣೆಯಿಂದ ಯಾರೋ ಕರೆದರು, ಸತ್ತ ಅತ್ತೆ ಬಂದು ಮಂಚದ ಮೇಲೆ ಕೂತಿದ್ದಳು ಎಂದೆಲ್ಲ ಅನಗೋಳದ ನಮ್ಮ ಓಣಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಮಾತಾಡಿಕೊಳ್ಳುವಾಗ ನಾನು ಎದ್ದು ಚಹಾ ಇಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಸೊಕ್ಕಿನಿಂದಲ್ಲ. ನನ್ನ ಕಸುಬೇ ನನ್ನನ್ನು ಹಾಗೆ ಮಾಡಿತ್ತು. ನಾನು ಕೃತಕ ಬಂಡೆಗಳನ್ನು ಮಾಡುವವಳು. ಹೋಟೆಲು, ರೆಸಾರ್ಟುಗಳ ಈಜುಕೊಳದ ಪಕ್ಕದಲ್ಲಿ ಗುಡ್ಡದಂತೆ ನಿಂತು, ತಲೆಯ ಮೇಲಿಂದ ನೀರು ಸುರಿಸುವ ಬಂಡೆಗಳನ್ನು ನೀವು ನೋಡಿರಬಹುದು. ಬಂದವರು ಮುಟ್ಟಿ, ಉಗುರಿನಿಂದ ಕೆರೆದು, “ಇದು ಖರೇ ಕಲ್ಲೇನ್ರಿ?” ಎಂದು ಕೇಳಿದರೆ ನಮ್ಮ ಕೆಲಸ ಗೆದ್ದಂತೆ. ಆದರೆ ಆ ಬಂಡೆಯೊಳಗೆ ಏನಿರುತ್ತದೆ ಎಂಬುದು ನನಗೆ ಗೊತ್ತು. ಕಬ್ಬಿಣದ ಸರಳು, ತಂತಿಯ ಜಾಳಿಗೆ, ನೀರಿನ ಪೈಪು, ಅವುಗಳ ನಡುವೆ ಖಾಲಿ ಜಾಗ. ಮತ್ತೇನೂ ಇರುವುದಿಲ್ಲ. ಜನ ಹೆದರಿ ಹೇಳುವ ಕತೆಗಳ ಒಳಗೂ ಅಷ್ಟೇ ಖಾಲಿ ಇರುತ್ತದೆ ಎಂದು ನಾನು ನಂಬಿದ್ದೆ.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಶೆಡ್ಡು. ಸುತ್ತ ಎಲ್ಲ ಫೌಂಡ್ರಿಗಳು. ನಾವು ಮೂವರು ಸೇರಿ ನಡೆಸುತ್ತಿದ್ದ ಕೆಲಸ ಅದು. ನನ್ನ ಗಂಡ ಪ್ರಕಾಶ ಎಂಜಿನಿಯರ್. ಬಂಡೆಯ ಒಳಗಿನ ಚೌಕಟ್ಟು, ಪೈಪು, ಪಂಪು ಅವರದ್ದು. ದಸ್ತಗೀರಭಾಯಿ ಮೊದಲು ಫೌಂಡ್ರಿಯಲ್ಲಿ ಅಚ್ಚು ಮಾಡುತ್ತಿದ್ದವರು, ನನ್ನ ಗಂಡನ ಸಾಲೆಯ ದಿನಗಳ ಗೆಳೆಯ, ಅತ್ತಿಗೆ ಎನ್ನುವ ಸಲಿಗೆಯಿಂದ ನನ್ನನ್ನು ವೈನಿ ಎಂದು ಕರೆಯುವವರು. ಅಚ್ಚಿನ ಕೆಲಸವೆಲ್ಲ ಅವರ ಕೈಯಲ್ಲಿ. ಮೇಲ್ಮೈ ಕೆತ್ತುವುದು, ಬಣ್ಣ ಹಚ್ಚುವುದು ನನ್ನ ಪಾಲು. ನಾನು ಚಿತ್ರಕಲೆ ಓದಿದವಳು. ಕ್ಯಾನ್ವಾಸು ಬಿಟ್ಟು ಸಿಮೆಂಟಿಗೆ ಬಂದೆನಲ್ಲ ಎಂದು ಯಾರಾದರೂ ಮರುಗಿದರೆ ನನಗೆ ನಗು ಬರುತ್ತಿತ್ತು. ಈಜುಕೊಳದ ಬಂಡೆ ಬರೀ ಚಂದ ಕಂಡರೆ ಸಾಲದು. ಮಕ್ಕಳು ಹತ್ತುವ ಕಡೆ ಒದ್ದೆ ಕಾಲು ಜಾರದಷ್ಟು ಒರಟಾಗಿರಬೇಕು, ತಲೆ ಬಡಿಯುವ ಎತ್ತರದಲ್ಲಿ ಒಂದೂ ಚೂಪಾದ ಅಂಚು ಇರಬಾರದು. ನೀರಿಗೆ ಹಾಕುವ ಔಷಧಿ ಬಣ್ಣವನ್ನು ತಿಂದುಹಾಕಬಾರದು. ಒಳಗೆ ಗವಿ ಮಾಡಿದರೆ ಅದಕ್ಕೆ ಎರಡು ಬಾಗಿಲು ಬೇಕೇ ಬೇಕು, ಒಂದರಲ್ಲಿ ಹೋದ ಮಗು ಇನ್ನೊಂದರಲ್ಲಿ ಹೊರಬರಬೇಕು. ಒಂದೇ ಬಾಗಿಲಿನ ಗವಿ ಎಂದಿಗೂ ಬೇಡ ಎನ್ನುವುದು ನಮ್ಮವರ ಹಟ.

ಖಾನಾಪುರದ ಹತ್ತಿರ ಹೊಸದಾಗಿ ಎದ್ದ ಒಂದು ರೆಸಾರ್ಟಿನ ಕೆಲಸ ನಮಗೆ ಬಂತು. ಅದರ ಮಾಲೀಕರಿಗೆ ಗುಂಜಿಯ ಆಚೆ ಕಾಡಿನ ಅಂಚಿನಲ್ಲಿ ಒಂದು ಗೇರು ತೋಟವಿತ್ತು. ತೋಟದ ಕೆಳಗೆ ಒಂದು ಹಳ್ಳ, ಹಳ್ಳದ ಮಗ್ಗುಲಿಗೆ ಟೆಂಪೊದಷ್ಟು ದೊಡ್ಡ ಒಂದು ಕರಿ ಬಂಡೆ. ಅದರ ಮೈಮೇಲೆ ಮೇಲಿಂದ ಓರೆಯಾಗಿ ಇಳಿದುಹೋದ ಒಂದು ಉದ್ದನೆಯ ಬಿರುಕು. ಮಾಲೀಕರು ಸಣ್ಣವರಿದ್ದಾಗ ಅದರ ಮೇಲೆ ಕೂತು ಗೇರುಹಣ್ಣು ತಿನ್ನುತ್ತಿದ್ದರಂತೆ. “ನನಗ ಬ್ಯಾರೆ ಡಿಸೈನ್ ಬ್ಯಾಡ್ರಿ. ಅದ ಬಂಡೆ ನನ್ನ ಪೂಲಿನಾಗ ಬೇಕು” ಎಂದರು.

ಹಾಗೆ ಮಾಡುವುದು ಕಷ್ಟವೇನಲ್ಲ. ಕಲ್ಲನ್ನು ಉಜ್ಜಿ ತೊಳೆದು, ಅದರ ಮೇಲೆ ರಬ್ಬರಿನ ಹಾಲನ್ನು ಪದರು ಪದರಾಗಿ ಬಳಿದು, ನಡುವೆ ತೆಳು ಬಟ್ಟೆ ಅಂಟಿಸಿ, ಒಣಗಿದ ಮೇಲೆ ಸುಲಿದು ತೆಗೆದರೆ ಕಲ್ಲಿನ ಮೈಯ ಒಂದೊಂದು ಚುಕ್ಕೆಯೂ ಆ ರಬ್ಬರಿನಲ್ಲಿ ಮೂಡಿರುತ್ತದೆ. ಶೆಡ್ಡಿಗೆ ತಂದು ಅದರೊಳಗೆ ನಾರು ಬೆರೆಸಿದ ಸಿಮೆಂಟು ಹೊಡೆದರೆ ಬಂಡೆಯ ಚರ್ಮದಂಥ ಹಲಗೆ ಸಿಗುತ್ತದೆ. ಇಂಥ ಹಲಗೆಗಳನ್ನು ಚೌಕಟ್ಟಿಗೆ ಕೂಡಿಸಿ, ಸಂದುಗಳನ್ನು ಕೈಯಿಂದ ಕೆತ್ತಿ ಮುಚ್ಚುತ್ತೇವೆ. ನಾವು ಆ ಬಂಡೆಯ ಮುಂಭಾಗದ ಅಚ್ಚನ್ನು ಪೂರ್ತಿ ತೆಗೆದೆವು. ಬುಡದ ಕಡೆ ಮಾತ್ರ ಹೋಗಲಿಲ್ಲ. ಅಲ್ಲಿ ಹಳ್ಳದ ನೀರು ಹಿಂದೆ ಎಳೆದು ತಂದು ಬಿಟ್ಟ ಕೊಂಬೆಗಳು, ಮುಳ್ಳು ಒಟ್ಟಿಕೊಂಡಿದ್ದವು. ಬುಡ ಹೇಗೂ ಈಜುಕೊಳದ ನೀರಿನಲ್ಲಿ ಮುಳುಗುತ್ತದೆ ಎಂದು ನಾನು ಅದನ್ನು ನನ್ನ ಮನಸ್ಸಿನಿಂದಲೇ ಕೆತ್ತಿದೆ.

ಮೇ ತಿಂಗಳ ಕೊನೆಯ ಹೊತ್ತಿಗೆ ಬಂಡೆ ಈಜುಕೊಳದ ಮಗ್ಗುಲಲ್ಲಿ ಎದ್ದು ನಿಂತಿತ್ತು. ಬಣ್ಣವೂ ಆಗಿತ್ತು. ಇನ್ನು ನೀರು ತುಂಬಿಸುವುದೊಂದೇ ಬಾಕಿ. ಪಕ್ಕಕ್ಕೆ ಇಡಬೇಕಾಗಿದ್ದ ಒಂದು ಸಣ್ಣ ಕಲ್ಲಿನ ಅಚ್ಚು ಶೆಡ್ಡಿನಲ್ಲಿ ಹರಿದುಹೋಗಿದ್ದರಿಂದ, ಅದೊಂದನ್ನು ಮತ್ತೆ ತೆಗೆದುಕೊಂಡು ಬರುತ್ತೇನೆಂದು ನಮ್ಮವರು ಬೆಳಿಗ್ಗೆ ಬೈಕು ಹತ್ತಿ ಗುಂಜಿಗೆ ಹೋದರು. ದಸ್ತಗೀರಭಾಯಿ ಅಂದು ಬೇರೆ ಕೆಲಸದ ಮೇಲಿದ್ದರು. ನಾನು ರೆಸಾರ್ಟಿನಲ್ಲಿ ಸಂದುಗಳನ್ನು ನೋಡಿಕೊಳ್ಳುತ್ತಿದ್ದೆ. “ಊಟಕ್ಕ ಬಂದಬಿಡ್ತೀನಿ, ನೀ ಮೊದಲ ಉಣಬ್ಯಾಡ” ಎಂದು ಹೇಳಿ ಹೋದವರು ಅವರು.

ಊಟದ ಹೊತ್ತು ಮೀರಿತು. ಫೋನು ಹತ್ತಲಿಲ್ಲ. ಗುಂಜಿಯ ಆಚೆ ಫೋನು ಹತ್ತದಿರುವುದು ಹೊಸದಲ್ಲ ಎಂದು ಸುಮ್ಮನಿದ್ದೆ. ಬಿಸಿಲು ಇಳಿಯತೊಡಗಿತು. ದಸ್ತಗೀರಭಾಯಿಯನ್ನು ಕರೆಸಿಕೊಂಡು ಅವರ ಟೆಂಪೊದಲ್ಲಿ ಹೊರಟೆ.

ಇವರ ಬೈಕು ಗುಂಜಿ ಸ್ಟೇಶನ್ನಿನ ಹತ್ತಿರದ ಚಹಾದ ಅಂಗಡಿಯ ನೆರಳಿನಲ್ಲಿ ನಿಂತಿತ್ತು. ತೋಟದವರೆಗಿನ ದಾರಿ ಕೆಟ್ಟಿದ್ದರಿಂದ ಅಲ್ಲೇ ಬಿಟ್ಟು ನಡೆದುಹೋಗಿರಬೇಕು. ಆದರೆ ಚಹಾದಂಗಡಿಯವನು ಹೇಳಿದ್ದೇ ಬೇರೆ. “ಬಾಟಲಿ ಹಿಡಕೊಂಡು ಪ್ಲಾಟ್‌ಫಾರ್ಮಿಗೆ ಹೋದ್ರು ನೋಡ್ರಿ. ಆವಾಗ ಗೋವಾದ ಗಾಡಿ ನಿಂತಿತ್ತು. ಹೊಳ್ಳಿ ಬಂದಿದ್ದು ನಾ ನೋಡಿಲ್ಲ.” ನಾವು ತೋಟದ ಕಡೆ ಓಡಿದೆವು. ಬೆಳಕು ಇನ್ನೂ ಇತ್ತು. ಬಂಡೆಯ ಮೇಲೆ ನಿಂತು, ಗಂಟಲು ಹರಿಯುವ ಹಾಗೆ ಇಬ್ಬರೂ ಕೂಗಿದೆವು. ರಬ್ಬರಿನ ಡಬ್ಬಿ ಇಲ್ಲ, ಬ್ರಶ್ಶು ಇಲ್ಲ, ಚೀಲ ಇಲ್ಲ. ಮನುಷ್ಯ ಬಂದುಹೋದ ಗುರುತೇ ಅಲ್ಲಿರಲಿಲ್ಲ. ಒಣಗಿದ ಎಲೆಗಳ ಮೇಲೆ ಗಾಳಿ ಆಡುವ ಸಪ್ಪಳವೊಂದೇ.

ಮರುದಿನ ಪೊಲೀಸರು ಬಂದರು, ಅರಣ್ಯ ಇಲಾಖೆಯವರು ಬಂದರು, ಗುಂಜಿಯ ಹತ್ತಾರು ಜನ ತಾವಾಗಿಯೇ ಬಂದರು. ಹಳ್ಳದ ಎರಡೂ ದಂಡೆ ನೋಡಿದರು. ಆ ಕಡೆ ಕರಡಿಗಳ ಕಾಟ ಇರುವುದರಿಂದ ಒಂದು ಗುಂಪು ಗುಡ್ಡ ಹತ್ತಿ ರಕ್ತದ ಕಲೆ, ಹರಿದ ಬಟ್ಟೆ ಏನಾದರೂ ಇದೆಯೇ ಎಂದು ಹುಡುಕಿತು. ಅವರು ಅದನ್ನು ಮೆಲ್ಲನೆ ಮಾತಾಡಿಕೊಂಡರೂ ನನಗೆ ಕೇಳಿಸುತ್ತಿತ್ತು. ಏನೂ ಸಿಗಲಿಲ್ಲ. ಏನೂ ಸಿಗದಿದ್ದುದರಿಂದ ಚಹಾದಂಗಡಿಯವನ ಮಾತೇ ಎಲ್ಲರ ತಲೆಯಲ್ಲಿ ನಿಂತಿತು.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ,” ಎಂದು ಪೊಲೀಸರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. “ಮನ್ಯಾಗ ಏನರ ಜಗಳಾ ಆಗಿತ್ತೇನ್ರಿ? ಗೋವಾದಾಗ ಯಾರರ ಪರಿಚಯದವರ ಅದಾರೇನ್ರಿ ನಿಮ್ಮವರಿಗೆ?”

ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಕಸುವು ಬೇಕು. ಗಂಡ ರೈಲು ಹತ್ತಿ ನನ್ನನ್ನು ಬಿಟ್ಟುಹೋಗಿದ್ದರೂ ಚಿಂತೆಯಿಲ್ಲ, ಎಲ್ಲೋ ಒಂದು ಕಡೆ ಉಸಿರಾಡುತ್ತ ಇದ್ದರೆ ಸಾಕು ಎಂದು ಕೂಡ ಒಂದು ಕ್ಷಣ ಅನಿಸಿತು. ಮಗಳು ಅನಗೋಳದಲ್ಲಿ ನನ್ನ ತಾಯಿಯ ಜೊತೆ ಇದ್ದಳು. ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. “ಅಪ್ಪಾ ಸಿಕ್ಕನ?” ಎಂದು ಕೇಳುವುದನ್ನು ಬಿಟ್ಟು, ನಾನು ಫೋನು ಎತ್ತಿದ ಕೂಡಲೇ ಸುಮ್ಮನೆ ಅಳತೊಡಗಿದ್ದಳು. ಆಮೇಲೆ ಅವಳ ಫೋನು ಬಂದರೆ ನಾನು ಎತ್ತಲಾರದೆ ದಸ್ತಗೀರಭಾಯಿಯ ಕೈಗೆ ಕೊಡುತ್ತಿದ್ದೆ.

ಅದರ ಮರುದಿನ ಹುಡುಕುವವರ ಸಂಖ್ಯೆ ಕಡಿಮೆಯಾಯಿತು. ಲೋಂಡಾ ಕಡೆಯ ಸ್ಟೇಶನ್ನುಗಳಿಗೆ ಇವರ ಫೋಟೊ ಕಳಿಸಿದ್ದೇವೆ, ಕಾಯ್ರಿ ಎಂದರು. ಮಧ್ಯಾಹ್ನ ಪೊಲೀಸರು ರೆಸಾರ್ಟಿನ ಗೇಟಿನ ಕ್ಯಾಮೆರಾದಲ್ಲಿ ಇವರು ಹೊರಟಿದ್ದನ್ನು ನೋಡಬೇಕೆಂದಿದ್ದಕ್ಕೆ ನಾವಿಬ್ಬರೂ ಅಲ್ಲಿಗೆ ಹೋದೆವು. ಟಿವಿಯ ಪರದೆಯ ಮೇಲೆ ಇವರು ಹೆಲ್ಮೆಟ್ಟು ಹಾಕಿಕೊಂಡು, ಗೇಟಿನವನಿಗೆ ಏನೋ ಹೇಳಿ ನಕ್ಕು, ಹೊರಟುಹೋದರು. ಬೆನ್ನಿನ ಚೀಲ ಸ್ವಲ್ಪ ಓರೆಯಾಗಿತ್ತು. ಪೊಲೀಸರು ಅದನ್ನು ಮೂರ್ನಾಲ್ಕು ಸಲ ಹಾಕಿ ನೋಡಿದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೊರಗೆ ಬಂದೆ.

ಹೊರಗೆ ಹೋಗಲು ಬೇರೆ ಜಾಗ ಇರಲಿಲ್ಲ ಎಂದಲ್ಲ. ಕಾಲುಗಳು ರೂಢಿಯಂತೆ ಈಜುಕೊಳದ ಕಡೆ ನಡೆದವು. ಕೊಳ ಇನ್ನೂ ಖಾಲಿ. ನೀಲಿ ಹಂಚುಗಳು ಬಿಸಿಲಿಗೆ ಕಾದಿದ್ದವು. ಮೆಟ್ಟಿಲು ಇಳಿದು, ನಮ್ಮ ಬಂಡೆಯ ನೆರಳು ಬಿದ್ದಿದ್ದ ಕಡೆ ನೆಲದ ಮೇಲೆ ಕೂತು, ಬೆನ್ನನ್ನು ಬಂಡೆಗೆ ಆನಿಸಿದೆ. ಎರಡು ದಿನದಿಂದ ನಾನು ಅತ್ತಿರಲಿಲ್ಲ. ಆಗಲೂ ಅಳು ಬರಲಿಲ್ಲ. ಇನ್ನು ಏನು ಮಾಡಬೇಕು ಎಂಬುದು ತೋಚುತ್ತಿರಲಿಲ್ಲ, ಅಷ್ಟೇ. ಕಣ್ಣು ಮುಚ್ಚಲಿಲ್ಲ ಎಂಬುದು ನನಗೆ ಸರಿಯಾಗಿ ನೆನಪಿದೆ. ಎದುರಿನ ಗೋಡೆಯ ಹಂಚಿನ ಮೇಲೆ ಒಂದು ಇರುವೆಯ ಸಾಲು ಹೋಗುತ್ತಿತ್ತು, ಅದನ್ನೇ ನೋಡುತ್ತಿದ್ದೆ.

ಬೆನ್ನ ಹಿಂದೆ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್. ಬಿಸಿಲಿಗೆ ಚೌಕಟ್ಟಿನ ಕಬ್ಬಿಣ ಹಿಗ್ಗಿದರೆ ಹಾಗೆ ಸದ್ದು ಬರುವುದುಂಟು. ಹಾಗೆಂದೇ ತಿಳಿದೆ. ಆದರೆ ಆ ಸದ್ದು ಒಂದೇ ಜಾಗದಿಂದ, ಬಿರುಕಿನ ಕೆಳತುದಿಯಿಂದ ಬರುತ್ತಿತ್ತು. ಕಲ್ಲಿನ ಮೇಲೆ ಕಲ್ಲು ಬಡಿದಂತಿತ್ತು. ತಿರುಗಿ ಕಿವಿ ಇಟ್ಟೆ.

“ಏ, ಕೇಳ ಇಲ್ಲೆ.”

ನಮ್ಮವರು ಮದುವೆಯಾದಾಗಿನಿಂದ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಅವರು ಕರೆಯುವುದೇ ಹಾಗೆ. ಆ ದನಿಯಲ್ಲಿ ನೋವಿರಲಿಲ್ಲ, ಹೆದರಿಕೆ ಇರಲಿಲ್ಲ. ಬಚ್ಚಲಿನಿಂದ ಟಾವೆಲ್ ಕೇಳುವಾಗ ಇರುತ್ತದಲ್ಲ, ಸ್ವಲ್ಪ ಬೇಸರ, ಸ್ವಲ್ಪ ಅವಸರ, ಅದೇ ದನಿ. “ಕೆಳಗ ಅದೀನಿ. ನೀರ ಬರಾಕತ್ತೇತಿ.”

ನಾನು ಚೀರಿದೆನಂತೆ. ನನಗೆ ಗೊತ್ತಿಲ್ಲ. ಬಂಡೆಯ ಹಿಂಬದಿಯಲ್ಲಿ ಪಂಪಿನ ಕೆಲಸಕ್ಕೆಂದು ನಾವು ಬಿಟ್ಟಿದ್ದ ಸಣ್ಣ ಬಾಗಿಲಿಗೆ ಓಡಿ, ತೆರೆದು, ಒಳಗೆ ತೂರಿದೆ. ಪೈಪುಗಳು, ಸರಳುಗಳು. ಯಾರೂ ಇಲ್ಲ. ಒಳಗೆ ದನಿಯೂ ಇಲ್ಲ. ಮತ್ತೆ ಮುಂದೆ ಬಂದು ಬಿರುಕಿಗೆ ಕಿವಿ ಇಟ್ಟರೆ ಅದೇ ಟಕ್ ಟಕ್. ಹಲಗೆಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ ಮಾತ್ರ ಇರುತ್ತದೆ ಎಂಬುದು ಅದನ್ನು ಕಟ್ಟಿದ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಅವರು ಅಲ್ಲೇ ಸಿಕ್ಕಿಕೊಂಡಿದ್ದಾರೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಉಗುರಿನಿಂದ ಬಿರುಕನ್ನು ಕೀಳತೊಡಗಿದೆ.

ನನ್ನ ಚೀರಾಟ ಕೇಳಿ ದಸ್ತಗೀರಭಾಯಿ ಓಡಿಬಂದರು. “ವೈನಿ, ಏನಾತ್ರಿ? ಬಿಡ್ರಿ, ಕೈಯಾಗ ರಕ್ತ ಬರಾಕತ್ತೇತಿ” ಎಂದು ನನ್ನನ್ನು ಎಳೆದರು.

“ಒಳಗ ಅದಾರ. ಕೇಳ್ರಿ. ಕಿವಿ ಇಟ್ಟ ಕೇಳ್ರಿ ನೀವು.”

ಅವರು ಬಗ್ಗಿ ಕಿವಿ ಇಟ್ಟರು. ನನ್ನ ಸಮಾಧಾನಕ್ಕೆಂದು ಇಟ್ಟಿರಬೇಕು, ಮೊದಲು ಅವರ ಮುಖದಲ್ಲಿ ಅದೇ ಇತ್ತು. ಆಮೇಲೆ ಅವರ ಮುಖದ ಬಣ್ಣ ಇಳಿದುಹೋಯಿತು. ನೆಟ್ಟಗೆ ಎದ್ದು ಹೋಗಿ, ಸಾಮಾನಿನ ಚೀಲದಿಂದ ದೊಡ್ಡ ಸುತ್ತಿಗೆ ತಂದು, ನನ್ನನ್ನು ಆ ಕಡೆ ಸರಿಸಿ, ಬಿರುಕಿನ ಬುಡಕ್ಕೆ ಬೀಸಿ ಹೊಡೆದರು.

ರೆಸಾರ್ಟಿನ ಮ್ಯಾನೇಜರು ಕೊಳದ ದಂಡೆಗೆ ಓಡಿಬಂದರು. ಅವರು ಕೆಟ್ಟವರಲ್ಲ, ಎರಡು ದಿನದಿಂದ ನಮಗೆ ಊಟ ಕಳಿಸುತ್ತಿದ್ದವರೇ ಅವರು. “ಏ, ಏನ ಮಾಡಾಕತ್ತೀರಿ? ಹುಚ್ಚ ಹಿಡದೈತೇನ್ರಿ? ನಾಳೆ ನೀರ ಬಿಡೂದೈತ್ರಿ!” ಎಂದು ತಲೆ ಮೇಲೆ ಕೈ ಹೊತ್ತು ಕೂಗಿದರು. ದಸ್ತಗೀರಭಾಯಿ ತಿರುಗಿ ನೋಡಲಿಲ್ಲ. ಸಿಮೆಂಟು ಚೂರು ಚೂರಾಗಿ ಉದುರಿತು. ನಾನು ತಿಂಗಳುಗಟ್ಟಲೆ ಕೂತು ಮೂಡಿಸಿದ ಮೈ ಅದು. ಒಡೆಯುತ್ತ ಒಡೆಯುತ್ತ ಮನುಷ್ಯ ತೂರುವಷ್ಟು ದೊಡ್ಡ ತೂತಾಯಿತು.

ಒಳಗೆ ಏನೂ ಇರಲಿಲ್ಲ. ಸರಳು, ಜಾಳಿಗೆ, ಧೂಳು.

ಸದ್ದು ನಿಂತುಹೋಗಿತ್ತು. ನಾನು ಆ ತೂತಿನ ಮುಂದೆ ಮಂಡಿಯೂರಿ ಕೂತೆ. ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದ ಜೀವ ಅಲ್ಲಿ ಸೋರಿಹೋದಂತೆ ಆಯಿತು. ಪೊಲೀಸರು, ಮ್ಯಾನೇಜರು, ಕೆಲಸದವರು ಎಲ್ಲರೂ ಮೇಲೆ ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದರು. ಗಂಡ ಕಾಣೆಯಾಗಿ ತಲೆ ಕೆಟ್ಟ ಹೆಂಗಸು ಎಂದು ಅವರ ಕಣ್ಣಲ್ಲಿ ಬರೆದಿತ್ತು. ಅವರು ಅಂದುಕೊಂಡಿದ್ದು ಸರಿಯಿರಬಹುದು ಎಂದು ನನಗೂ ಅನಿಸಿತು. ಆಗ, ಕೈಯಲ್ಲಿ ಆ ಬುಡದ ಚೂರೊಂದನ್ನು ಹಿಡಿದು ಕೂತಿದ್ದಾಗ, ಹೊಳೆಯಿತು. ಈ ಬುಡ ನಾನು ಮನಸ್ಸಿನಿಂದ ಮಾಡಿದ್ದು. ಖರೇ ಬಂಡೆಯ ಬುಡ ಹೇಗಿದೆ ಎಂದು ನಾವ್ಯಾರೂ ನೋಡಿಯೇ ಇಲ್ಲ. ಮೇಲೆ ನಿಂತು ಕೂಗಿದೆವು. ದಂಡೆಯ ಮೇಲೆ ಹುಡುಕಿದೆವು. ಕೆಳಗೆ ಯಾರೂ ಇಳಿದಿಲ್ಲ.

“ದಸ್ತಗೀರಭಾಯಿ, ಗುಂಜಿಗೆ ನಡೀರಿ,” ಎಂದೆ. ಅವರು ಸುತ್ತಿಗೆ ಬಿಟ್ಟು ಟೆಂಪೊದ ಕಡೆ ನಡೆದರು.

ಕೊಳದ ಬಳಿಯೇ ಇದ್ದ ನಮ್ಮ ಶೆಡ್ಡಿನ ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಟೆಂಪೊ ಓಡಿಸಿದೆವು. ಖಾನಾಪುರ ದಾಟುವಾಗಲೂ ಆಕಾಶದಲ್ಲಿ ಮೋಡ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನನ್ನನ್ನು ಕಾಡಿದ್ದರಲ್ಲಿ ಇದೂ ಒಂದು. ಗುಂಜಿ ಮುಟ್ಟುವ ಹೊತ್ತಿಗೆ ಪಡುವಣದ ಗುಡ್ಡಗಳ ಹಿಂದೆ ಕಪ್ಪಾಗತೊಡಗಿತ್ತು.

ಹಳ್ಳದಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಗೌಳಿ ಅಜ್ಜ ಕಂಡರು. ಮನೆಯಲ್ಲಿ ಮರಾಠಿ ಮಾತಾಡುವ ಜನ. ಬಂಡೆಯ ಬುಡಕ್ಕೆ ಹೋಗುವ ದಾರಿ ಕೇಳಿದರೆ ಅವರು ಎರಡೂ ಕೈ ಆಡಿಸಿದರು. “ನಕೊ ಬಾಯಿ, ನಕೊ! ಅಲ್ಲಿ ಅಸ್ವಲ ಇರತೈತಿ. ಕರಡಿ, ಕರಡಿ! ಆ ಬಿಲದಾಗ ಮರಿ ಹಾಕತೈತಿ. ನಾವು ಎಮ್ಮೀನೂ ಆ ಕಡೆ ಬಿಡೂದಿಲ್ಲ.”

“ಬಿಲ ಐತೇನ್ರಿ ಅಜ್ಜಾರ, ಬುಡದಾಗ?” ಎಂದು ಕೇಳಿದೆ.

“ಐತಿ. ದೊಡ್ಡದು.”

ಅಷ್ಟು ಸಾಕಾಗಿತ್ತು. ಅಜ್ಜ ಬೈಯುತ್ತಲೇ ಮುಂದೆ ನಡೆದು ಸುತ್ತು ದಾರಿ ತೋರಿಸಿದರು. ಕೆಲಸಗಾರರು ಕೊಡಲಿಯಿಂದ ಮುಳ್ಳು ಕಡಿದರು. ಕೊಂಬೆಗಳ ರಾಶಿಯ ಹಿಂದೆ, ಬಂಡೆಯ ಕೆಳಗೆ, ಮೊಣಕಾಲೆತ್ತರದ ಕಪ್ಪು ಬಾಯಿ ಕಾಣಿಸಿತು. ಅಲ್ಲಿಂದ ಕೆಟ್ಟ ವಾಸನೆ ಬರುತ್ತಿತ್ತು. ದಸ್ತಗೀರಭಾಯಿ ಬ್ಯಾಟರಿ ಬಿಟ್ಟರು, ಒಳಗೆ ತಿರುವು ಇದ್ದುದರಿಂದ ಬೆಳಕು ಹೋಗಿ ಕಲ್ಲಿಗೆ ಬಡಿಯಿತು. “ವೈನಿ, ತಡೀರಿ, ಫಾರೆಸ್ಟಿನವರನ್ನ ಕರೆಸೂಣು” ಎಂದು ಅವರು ಹೇಳುತ್ತಿರುವಾಗಲೇ ನಾನು ಹೊಟ್ಟೆಯ ಮೇಲೆ ಮಲಗಿ ಭುಜದವರೆಗೆ ಕೈ ಹಾಕಿದ್ದೆ. ಕರಡಿ ಇದ್ದರೆ ಇರಲಿ ಎನ್ನುವ ಧೈರ್ಯ ಅದಲ್ಲ. ಕರಡಿಯ ವಿಚಾರವೇ ಮನಸ್ಸಿಗೆ ಬರಲಿಲ್ಲ. ಒಣ ಎಲೆ, ಮಣ್ಣು, ಮತ್ತೆ ತಣ್ಣಗಿನ ಏನೋ ತಗುಲಿತು. ಬೆರಳುಗಳು. ಮುಷ್ಟಿ ಬಿಗಿದಿತ್ತು, ಒಳಗೊಂದು ಕಲ್ಲು.

ಆ ಬೆರಳುಗಳು ಅಲುಗಾಡಲಿಲ್ಲ. ನಾನು ಹಿಡಿದುಕೊಂಡೇ ಇದ್ದೆ. ಎಷ್ಟು ಹೊತ್ತೋ ಆದ ಮೇಲೆ, ಅಥವಾ ಆಗಲೇ ಇರಬಹುದು, ಹೆಬ್ಬೆರಳು ನನ್ನ ಅಂಗೈಯನ್ನು ಮೆಲ್ಲಗೆ ಒತ್ತಿತು.

ಆಮೇಲೆ ನಾಲ್ಕೂ ಜನ ಮಣ್ಣು ಕೆದರಿದೆವು, ಕಲ್ಲು ಉರುಳಿಸಿದೆವು. ಬಿಲದಲ್ಲಿ ಕರಡಿ ಇರಲಿಲ್ಲ. ಇವರ ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ ಮುರಿದು ಹೋಗಿತ್ತು. ಅದನ್ನು ಬಿಡಿಸುವಾಗ ಇವರ ಬಾಯಿ ದೊಡ್ಡದಾಗಿ ತೆರೆಯಿತು, ಆದರೆ ದನಿ ಹೊರಡಲಿಲ್ಲ. ಅದು ನೋಡಲಾಗದಂಥ ನೋಟ. ನಾವು ಇನ್ನೂ ಎಳೆಯುತ್ತಿರುವಾಗಲೇ ದಪ್ಪ ದಪ್ಪ ಹನಿ ಬಿದ್ದವು. ಗುಡ್ಡದ ಮೇಲೆ ಅದಾಗಲೇ ಜೋರಾಗಿ ಸುರಿದಿರಬೇಕು, ಮೇಲಿನಿಂದ ಕೆಂಪು ನೀರು ಎಲೆ ಕಡ್ಡಿಗಳನ್ನು ತಳ್ಳಿಕೊಂಡು ಬಂತು. ನಾವು ಇವರನ್ನು ದಂಡೆಗೆ ಹೊತ್ತು ತಂದು ಹಿಂದಿರುಗಿ ನೋಡಿದಾಗ ಆ ಬಿಲದ ಬಾಯಿ ನೀರಿನಲ್ಲಿ ಕಾಣದಾಗಿತ್ತು. ಗೌಳಿ ಅಜ್ಜ ಎರಡೂ ಕೈ ಎತ್ತಿ ಮುಗಿದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಇವರು ಬಹಳ ದಿನ ಇದ್ದರು. ಕಾಲು ಉಳಿಯಿತು, ಆದರೆ ಸ್ವಲ್ಪ ಗಿಡ್ಡವಾಯಿತು. ಮಾತಾಡಲು ಬಂದ ಮೇಲೆ ನಡೆದದ್ದನ್ನು ಹೇಳಿದರು. ಸ್ಟೇಶನ್ನಿನಲ್ಲಿ ಬಾಟಲಿಗೆ ನೀರು ತುಂಬಿಕೊಂಡು ಹಳಿಯ ಆಚೆಯಿಂದಲೇ ತೋಟಕ್ಕೆ ನಡೆದವರು, ಬಂಡೆಯ ಹಿಂದೆ ಎಲೆ ಮುಚ್ಚಿಕೊಂಡಿದ್ದ ಒಂದು ಸಂದಿಯ ಮೇಲೆ ಕಾಲಿಟ್ಟರಂತೆ. ಚೀಲ, ಡಬ್ಬಿಯ ಸಮೇತ ಒಳಗೆ ಜಾರಿಹೋದರು, ಬಾಟಲಿ ಒಡೆದು ನೀರೆಲ್ಲ ಚೆಲ್ಲಿತು, ಮೇಲೆ ಎಲೆಗಳು ಮತ್ತೆ ಮುಚ್ಚಿಕೊಂಡವು. ಆ ಸಂಜೆ ನಾವಿಬ್ಬರೂ ಮೇಲೆ ನಿಂತು ಕೂಗಿದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವರೂ ಕೂಗಿದರು. ಅವರ ಕೂಗು ನಮ್ಮನ್ನು ಮುಟ್ಟಲಿಲ್ಲ. ನಾವು ಹೊರಟುಹೋದ ಮೇಲೂ ಕೂಗುತ್ತಲೇ ಇದ್ದು, ಗಂಟಲು ಕಟ್ಟಿ, ದನಿ ಪೂರ್ತಿ ಹೋಗಿಬಿಟ್ಟಿತು. ಇದನ್ನು ಅವರು ಹೇಳಿದಾಗ ನಾನು ವಾರ್ಡಿನಿಂದ ಹೊರಗೆ ಹೋಗಿ ನಿಂತೆ.

ಒಂದು ದಿನ ಧೈರ್ಯ ಮಾಡಿ ಕೇಳಿದೆ. “ನೀವು ನನ್ನ ಕರದಿದ್ರಿ. ಕೆಳಗ ಅದೀನಿ, ನೀರ ಬರಾಕತ್ತೇತಿ ಅಂದ್ರಿ.”

ಅವರು ನನ್ನ ಮುಖ ನೋಡಿದರು. “ನಾ ಎಲ್ಲಿಂದ ಕರೀಲಿ? ಮೊದಲನೇ ದಿನದಾಗ ದನಿ ಹೋಗಿತ್ತು. ಮತ್ತ ನೀರೆಲ್ಲಿತ್ತು ಅಲ್ಲಿ? ಒಂದ ಹನಿ ನೀರಿಗೆ ಜೀವ ಬಾಯಿಗೆ ಬಂದಿತ್ತು ನಂದು.”

“ಕೈಯಾಗ ಕಲ್ಲಿತ್ತಲ್ಲ? ಬಡದ್ರೇನು?”

“ಬಡದಿರಬೇಕು. ನೆನಪಿಲ್ಲ.”

ಅಲ್ಲಿಗೆ ಆ ಮಾತು ನಿಂತಿತು. ಆಸ್ಪತ್ರೆಯ ಡಾಕ್ಟರಿಗೆ ಹೇಳಿದೆ. ನಿದ್ದೆ, ಊಟ ಇಲ್ಲದೆ ಕೊರಗಿದವರಿಗೆ ಹೀಗಾಗುತ್ತದೆ, ಬುಡದಲ್ಲಿ ಹುಡುಕಿಲ್ಲ ಎಂಬುದು ನಿಮ್ಮ ಮನಸ್ಸಿಗೆ ಒಳಗೊಳಗೇ ಗೊತ್ತಿತ್ತು, ಅದೇ ಅವರ ದನಿಯಲ್ಲಿ ಮಾತಾಡಿದೆ ಎಂದರು. ಮಳೆಯ ಮಾತು? ಮೇ ಕೊನೆಗೆ ಮಳೆ ಬರುವುದು ಯಾರಿಗೆ ಗೊತ್ತಿಲ್ಲ ಎಂದು ನಕ್ಕರು. ಒಪ್ಪುವಂಥ ಮಾತು. ನಾನೂ ಮೊದಲಾಗಿದ್ದರೆ ಇದನ್ನೇ ಹೇಳುತ್ತಿದ್ದೆ. ಎಷ್ಟೋ ದಿನ ಇದನ್ನೇ ನನಗೆ ನಾನು ಹೇಳಿಕೊಂಡು ಮಲಗಿದೆ.

ಒಡೆದ ಬಂಡೆಯನ್ನು ನಾವೇ ಹೋಗಿ ಮತ್ತೆ ಮಾಡಿಕೊಟ್ಟೆವು. ಮಾಲೀಕರು ಒಂದು ಮಾತೂ ಆಡಲಿಲ್ಲ. ರಜಾ ದಿನಗಳಲ್ಲಿ ಅಲ್ಲಿ ಈಗ ಕಾಲಿಡಲು ಜಾಗ ಇರುವುದಿಲ್ಲವಂತೆ. ಮಕ್ಕಳು ಅದರ ಮೇಲಿಂದ ನೀರಿಗೆ ಜಿಗಿಯುತ್ತಾರೆ, ದೊಡ್ಡವರು ಅದಕ್ಕೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಕೆಲಸ ಮುಗಿಸಿಕೊಟ್ಟ ದಿನದಿಂದ ಆ ಕಡೆ ಹೋಗಿಲ್ಲ.

ಒಂದು ವಿಷಯ ಮಾತ್ರ ನನ್ನೊಳಗೆ ಉಳಿದುಕೊಂಡಿತ್ತು. ಅಂದು ಬಂಡೆಗೆ ಕಿವಿ ಇಟ್ಟ ದಸ್ತಗೀರಭಾಯಿ ಒಂದೂ ಮಾತಾಡದೆ ಸುತ್ತಿಗೆ ತಂದದ್ದು ಯಾಕೆ? ಅವರೂ ಇವರ ದನಿ ಕೇಳಿರಬೇಕು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊನ್ನೆ ಉದ್ಯಮಬಾಗದ ಶೆಡ್ಡಿನಲ್ಲಿ ಇಬ್ಬರೇ ಚಹಾ ಕುಡಿಯುತ್ತ ಕೂತಿದ್ದಾಗ ಕೇಳಿಬಿಟ್ಟೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. “ಪ್ರಕಾಶನ ದನಿ ನಾ ಕೇಳಿಲ್ರಿ ವೈನಿ,” ಎಂದರು. “ನಂಗ ಕೇಳಿಸಿದ್ದು ನಿಮ್ಮ ದನಿ. ನೀವು ನನ್ನ ಬಾಜೂಕ ನಿಂತಿದ್ರಿ, ನಿಮ್ಮ ಬಾಯಿ ಮುಚ್ಚಿತ್ತು. ನಾ ನೋಡಿದೆ. ಆದ್ರ ಒಳಗ ನೀವ ಅಳಾಕತ್ತಿದ್ರಿ, ಬಿಕ್ಕಿ ಬಿಕ್ಕಿ. ಹೊರಗಿನ ನಿಮ್ಮನ್ನ ನೋಡಾಕ ನಂಗ ಧೈರ್ಯ ಆಗ್ಲಿಲ್ಲ. ಅದಕ್ಕ ಎದ್ದು ಹೋಗಿ ಸುತ್ತಿಗಿ ತಂದೆ.”

ಹೊರಗೆ ಫೌಂಡ್ರಿಯ ಪಾಳಿ ಬಿಟ್ಟು ಜನ ಬಸ್ಸಿನ ಕಡೆ ಹೋಗುತ್ತಿದ್ದರು. ಚಹಾ ಆರಿಹೋಗಿತ್ತು. ಇದಕ್ಕೆ ಡಾಕ್ಟರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ, ಹೋಗಿ ಕೇಳುವ ಮನಸ್ಸೂ ಇಲ್ಲ. ನಮ್ಮವರಿಗೆ ಈ ಮಾತನ್ನು ನಾನಿನ್ನೂ ಹೇಳಿಲ್ಲ. ಇದನ್ನು ಓದಿದಾಗಲೇ ಅವರಿಗೂ ತಿಳಿಯುತ್ತದೆ.